ಲಕ್ಕವ್ವನ ಹಾಲಿನ ಎದುರು ಯಾರ ಹಾಲು

ಬನ್ನಿಕೋಡಿ ವಸ್ತಿಯಲ್ಲಿ ಗಡಿಯಾರ ಇಲ್ಲದ ಮನೆಯವರೂ ಹೊತ್ತು ತಪ್ಪುತ್ತಿರಲಿಲ್ಲ. ಶೇವಂತಾಳ ಪಡಸಾಲೆಯಲ್ಲಿ ಕಡಗೋಲಿನ ಸದ್ದು ಶುರುವಾಯಿತೆಂದರೆ ಒಲೆ ಹೊತ್ತಿಸುವ ಹೊತ್ತು, ಅದು ಸಣ್ಣಗಾಗುತ್ತಾ ನಿಂತಿತೆಂದರೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಡುವ ಹೊತ್ತು. ಮಂಗಸೂಳಿ ರಸ್ತೆಯಿಂದ ಒಳಗೆ, ಕಬ್ಬಿನ ನಡುವೆ ಇಪ್ಪತ್ತೆರಡು ಮನೆಗಳ ಆ ವಸ್ತಿಯಲ್ಲಿ ಬೆಣ್ಣೆ ಎಂದರೆ ಶೇವಂತಾಳ ಬೆಣ್ಣೆ. ಬಾಣಂತಿಗೆ ಬೇಕೆಂದರೂ ಅವಳ ಬಾಗಿಲು, ಮದುವೆಯ ಹೋಳಿಗೆಗೆ ತುಪ್ಪ ಬೇಕೆಂದರೂ ಅವಳ ಬಾಗಿಲು.

ಅವಳು ಹುಟ್ಟಿದ್ದು ಐಗಳಿಯಲ್ಲಿ. ಶಾಲೆಯ ಮುಖ ಕಂಡದ್ದು ಎರಡೇ ತಿಂಗಳು. ಮೂರನೆಯ ತಿಂಗಳಿಗೆ ಮನೆಯ ಎಮ್ಮೆ ಈಯಿತು, ಪಾಟಿ ಅಟ್ಟ ಸೇರಿತು, ಕೈಗೆ ಕಡಗೋಲಿನ ಹಗ್ಗ ಬಂತು. ತಾಯಿ ಅವಳಿಗೆ ಕಲಿಸಿದ್ದು ಕಿವಿಯಿಂದ. “ಕಣ್ಣ ಮುಚ್ಚಿ ಕೇಳು ಮಗಳ. ಮೊದಲ ಮೊಸರ ಗೊಣಗತೈತಿ, ಆಮ್ಯಾಲ ಅಳತೈತಿ, ಕಡೀಕ ನಗತೈತಿ. ನಗೂ ಸಪ್ಪಳ ಬಂತಂದ್ರ ಕೈ ಹಗರ ಮಾಡು.”

ಶೇವಂತಾ ಕೇಳಿದಳು. ಕೇಳುತ್ತಾ ಕೇಳುತ್ತಾ ನೋಡಲೂ ಕಲಿತಳು. ಕಡಗೋಲು ಜೋರಾಗಿ ಸುತ್ತುವಾಗ ಮೊಸರಿನ ಮೈ ನಡುವೆ ತಗ್ಗಾಗಿ, ಅಂಚಿನಲ್ಲಿ ಗಡಿಗೆಯ ಗೋಡೆ ಹತ್ತುತ್ತದೆ. ಬೆಣ್ಣೆಯ ಕಾಳು ಕಟ್ಟಿದ ಮೇಲೆ ಕಡಗೋಲನ್ನು ತೆಗೆದು, ಕೈಯಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಸುತ್ತು ಕೊಟ್ಟರೆ ಭಾರದ ಮಜ್ಜಿಗೆ ಅಂಚಿಗೆ ಸರಿದು, ಹಗುರಾದ ಬೆಣ್ಣೆ ನಡುವಿನ ತಗ್ಗಿಗೆ ಒಂದೊಂದೇ ಕಾಳಾಗಿ ಬಂದು ಕೂಡುತ್ತದೆ. ಅವಸರ ಮಾಡಿ ಕೈ ಅಡ್ಡ ಹಿಡಿದು ನಿಲ್ಲಿಸಿದರೆ ಕೂಡಿದ್ದೆಲ್ಲ ಮತ್ತೆ ಒಡೆದು ಚೆಲ್ಲಾಪಿಲ್ಲಿ. ತಾನಾಗಿ ನಿಲ್ಲುವ ತನಕ ಕಾಯಬೇಕು. ಇದನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಿದವಳಲ್ಲ. ಭರಮುವನ್ನು ಮದುವೆಯಾಗಿ ವಸ್ತಿಗೆ ಬಂದ ಮೂರನೆಯ ದಿನ ಅತ್ತೆ ಒಂದು ಗಡಿಗೆ ಮೊಸರು ಮುಂದಿಟ್ಟು ಸುಮ್ಮನೆ ಕೂತಿದ್ದಳು. ಬೆಣ್ಣೆಯ ಮುದ್ದೆ ಕೈಗೆ ಬಂದಾಗ ಮಜ್ಜಿಗೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಅತ್ತೆ ಎದ್ದು ಹೋಗಿ ಬೀಗದ ಕೈಗೊಂಚಲು ತಂದು ಸೊಸೆಯ ಸೊಂಟಕ್ಕೆ ಸಿಕ್ಕಿಸಿದಳು. ಆ ಗೊಂಚಲಿನ ಭಾರ ಶೇವಂತಾಳಿಗೆ ಇಪ್ಪತ್ತು ವರ್ಷ ಹಿತವಾಗಿಯೇ ಇತ್ತು.

ಆಮೇಲೆ ನೀಲಮ ಬಂದಳು.

ನೀಲಮ ಶೇವಂತಾಳ ಮೈದುನ ಅಣ್ಣಾಸಾಬನ ಹೆಂಡತಿ. ಅಣ್ಣಾಸಾಬ ತಡವಾಗಿ ಮದುವೆಯಾದವನು, ಅದಕ್ಕೇ ನೆಗೆಣ್ಣಿಯರ ನಡುವೆ ಹದಿನೆಂಟು ವರ್ಷಗಳ ಅಂತರ. ನಿಪ್ಪಾಣಿಯ ಹುಡುಗಿ, ಎಂಟನೆಯ ತರಗತಿ ಪಾಸು, ಮಾತಿನಲ್ಲಿ ಅರ್ಧ ಮರಾಠಿ. ಬಂದ ಹೊಸತರಲ್ಲಿ ಅವಳಿಗೆ ಎಮ್ಮೆಯ ಕೆಚ್ಚಲಿಗೆ ಕೈ ಹಾಕುವುದಕ್ಕೂ ಹೆದರಿಕೆ. ಶೇವಂತಾಳೇ ಹಿಂಡಲು ಕಲಿಸಿದಳು. ಆಗ ಅವಳ ಮೇಲೆ ಪ್ರೀತಿಯೂ ಇತ್ತು, ಏನೂ ತಿಳಿಯದವರ ಮೇಲೆ ತಿಳಿದವರಿಗೆ ಇರುವಂಥ ಪ್ರೀತಿ. ಮನೆ ಪಾಲಾಗಿ ನಡುವೆ ಗೋಡೆ ಎದ್ದ ಮೇಲೂ ಗೋಡೆಯ ಮೇಲಿಂದ ಸಾರು ಪಲ್ಯ ದಾಟುತ್ತಿದ್ದವು.

ಅದು ಕೆಟ್ಟದ್ದು ಎರಡು ಸಾವಿರದ ಆರರಲ್ಲಿ, ವಸ್ತಿಯಲ್ಲಿ ಹೆಂಗಸರ ಹಾಲಿನ ಸಂಘ ಆದಾಗ.

ಸಂಘಕ್ಕೆ ಅಧ್ಯಕ್ಷೆಯಾದವಳು ಭೀಮಾಬಾಯಿ, ದೊಡ್ಡ ಕುಂಕುಮದ, ದೊಡ್ಡ ದನಿಯ ಹಿರಿಯಳು. ಹಾಲಿನ ಕೊಬ್ಬು ಅಳೆಯುವವಳು ಒಬ್ಬಳು ಬೇಕಿತ್ತು. ವಸ್ತಿಯವರು ಅದಕ್ಕೆ ಫ್ಯಾಟ್ ಎಂದೇ ಅನ್ನುತ್ತಿದ್ದರು. ಕೂಟದಲ್ಲಿ ಭೀಮಾಬಾಯಿ “ಬೆಣ್ಣಿ ವಿಷಯಾ ಅಂದ್ರ ನಮ್ಮ ಶೇವಂತಾ” ಎಂದಾಗ ಶೇವಂತಾ ಆಗಲೇ ಸೆರಗು ಸರಿಪಡಿಸಿಕೊಂಡು ಏಳುವುದರಲ್ಲಿದ್ದಳು. ಅಷ್ಟರಲ್ಲಿ ಅಥಣಿಯಿಂದ ಬಂದಿದ್ದ ಡೈರಿ ಸಾಹೇಬರು “ಓದಾಕ ಬರಿಯಾಕ ಬರತೈತೇನ್ರಿ ಅವರಿಗೆ?” ಎಂದು ಕೇಳಿದರು. ಭೀಮಾಬಾಯಿ ಇಲ್ಲವೆಂದು ತಲೆಯಾಡಿಸಿದಳು. ಹಿಂದಿನ ಸಾಲಿನಿಂದ ಯಾರೋ ನೀಲಮಳ ಹೆಸರು ಹೇಳಿದರು. ಅರ್ಧ ಎದ್ದಿದ್ದ ಶೇವಂತಾ, ನೀರು ಕುಡಿಯಲು ಎದ್ದವಳ ಹಾಗೆ ಹೊರಗೆ ಹೋದಳು.

ನೀಲಮ ಅಥಣಿಗೆ ಎಂಟು ದಿನ ತರಬೇತಿಗೆ ಹೋಗಿ ಬಂದಳು. ಜೊತೆಗೆ ವಸ್ತಿಯ ಡೈರಿಗೆ ಯಂತ್ರ ಬಂತು. ಮುಚ್ಚಳ ಇರುವ ದುಂಡನೆಯ ಕಬ್ಬಿಣದ ಬೋಗುಣಿ, ಪಕ್ಕಕ್ಕೆ ತಿರುವುವ ಹಿಡಿ, ಒಳಗೆ ಎಂಟು ಗಾಜಿನ ನಳಿಗೆಗಳನ್ನು ಎದುರುಬದುರಾಗಿ ಮಲಗಿಸುವ ಎಂಟು ಗೂಡು. ಎರಡು ಸಾವಿರದ ಹದಿನಾಲ್ಕರಲ್ಲಿ ಫ್ಯಾಟ್ ಅಳೆಯುವ ಕರೆಂಟಿನ ಡಬ್ಬಿ ಬರುವ ತನಕ ಬನ್ನಿಕೋಡಿಯ ಹಾಲಿನ ನ್ಯಾಯವೆಲ್ಲ ಆ ಬೋಗುಣಿಯಲ್ಲೇ ಆಗುತ್ತಿತ್ತು. ನೀಲಮ ನಳಿಗೆಯಲ್ಲಿ ಮೊದಲು ಆಸಿಡ್ ಹಾಕುವಳು, ಮೇಲೆ ಹಾಲು, ಅದರ ಮೇಲೆ ಇನ್ನೊಂದು ಔಷಧ. ಬಿರಡೆ ಒತ್ತಿ ಅಲುಗಿಸಿದರೆ ಬಿಳಿ ಹಾಲು ಕಾದು ಬೆಲ್ಲದ ಪಾಕದಂತೆ ಕಪ್ಪಾಗುವುದು. ಆಮೇಲೆ ಬೋಗುಣಿಯಲ್ಲಿಟ್ಟು ಐದು ನಿಮಿಷ ಗರಗರ ತಿರುಗಿಸಿ, ಬಿಸಿನೀರಿನಲ್ಲಿ ನಿಲ್ಲಿಸಿ ತೆಗೆದರೆ ನಳಿಗೆಯ ಸಣ್ಣ ಕುತ್ತಿಗೆಯಲ್ಲಿ ಮೇಲೆ ಹಳದಿ ಎಣ್ಣೆ, ಕೆಳಗೆ ಕಪ್ಪು ನೀರು, ನಡುವೆ ಕೂದಲೆಳೆಯಂಥ ಗೆರೆ. ನೀಲಮ ನಳಿಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಗೆರೆಯಿಂದ ಮೇಲಕ್ಕೆ ಗೀಟು ಎಣಿಸಿ ಹೇಳುವಳು. “ಏಳು ಪಾಯಿಂಟ ನಾಕು.” ಸುತ್ತಲಿನ ಹೆಂಗಸರೆಲ್ಲ ಉಸಿರು ಹಿಡಿದು ನಿಲ್ಲುವರು.

ಆ ಉಸಿರು ಹಿಡಿಯುವುದನ್ನು ಶೇವಂತಾ ಬಾಗಿಲ ಬಳಿ ನಿಂತು ನೋಡುವಳು. ತನ್ನ ಗಡಿಗೆಯಲ್ಲಿ ಆಗುವುದೇ ಆ ಬೋಗುಣಿಯಲ್ಲೂ ಆಗುತ್ತದೆ ಎಂದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ತಿರುಗಿದರೆ ಭಾರದ್ದು ಹೊರಗೆ, ಹಗುರಾದದ್ದು ಒಳಗೆ. ಅಷ್ಟೇ ತಾನೇ? ಮೂವತ್ತು ವರ್ಷ ತಾನು ತಿರುಗಿಸಿದಾಗ ಒಬ್ಬರೂ ಹೀಗೆ ಕಣ್ಣರಳಿಸಿ ನಿಂತಿರಲಿಲ್ಲ. ಬೆಣ್ಣೆ ಬಲ್ಲವಳು ತಾನು, ಅಳೆಯುವ ಕುರ್ಚಿ ಕೆಚ್ಚಲು ಮುಟ್ಟಲು ಹೆದರುತ್ತಿದ್ದವಳಿಗೆ! ಅಂದಿನಿಂದ ಗೋಡೆ ದಾಟುವ ಪಲ್ಯ ಕಡಿಮೆಯಾಯಿತು. ನೀಲಮ ಹೊಸ ಸೀರೆ ಉಟ್ಟರೆ ಶೇವಂತಾಳಿಗೆ ಅದರ ಅಂಚು ಬಣ್ಣ ಬಿಡುವಂಥದ್ದೆನಿಸುವುದು. ನೀಲಮಳ ಎಮ್ಮೆ ಹೆಣ್ಣುಕರು ಹಾಕಿತೆಂದರೆ ಒಳಗೆ ಏನೋ ಹುಳಿ ತೇಗಿದ ಹಾಗಾಗುವುದು.

ಎರಡು ವರ್ಷ ಹೀಗೆ ಉರಿದ ಮೇಲೆ, ಎರಡು ಸಾವಿರದ ಎಂಟರ ಯುಗಾದಿಗೆ, ಶೇವಂತಾಳ ಮನೆಗೆ ಲಕ್ಕವ್ವನ ಎಮ್ಮೆಯ ಪಾಳಿ ಬಂತು.

ಲಕ್ಕವ್ವ ವಸ್ತಿಯ ದೇವಿ. ಅವಳ ಹೆಸರಿನಲ್ಲಿ ಒಂದು ಎಮ್ಮೆ, ಉದ್ದ ಕೊಂಬಿನ ಪಂಢರಪುರಿ ತಳಿ. ಯುಗಾದಿಯಿಂದ ಯುಗಾದಿಗೆ ಒಂದೊಂದು ಮನೆ ಅದನ್ನು ಸಾಕಬೇಕು. ಹಾಲು ಡೈರಿಗೆ ಹೋಗುತ್ತದೆ, ಅದರಿಂದ ಬಂದದ್ದು ದೇವಿಯ ದೀಪದ ಎಣ್ಣೆಗೆ. ಮನೆಗಳ ಸಾಲಿನಂತೆ ಪಾಳಿ. ಇಪ್ಪತ್ತೆರಡು ವರ್ಷಕ್ಕೊಮ್ಮೆ ಬರುವ ಪಾಳಿಯಾದ್ದರಿಂದ ಒಬ್ಬ ಸೊಸೆಗೆ ಜನ್ಮದಲ್ಲಿ ಎರಡು ಸಲ ಸಿಕ್ಕರೆ ಹೆಚ್ಚು. ಹಿಂದಿನ ಪಾಳಿ ಅತ್ತೆಯ ಕೈಯಲ್ಲಿ ಆಗಿತ್ತು. ಈಗ ಶೇವಂತಾ. ಮುಂದಿನದು ಗೋಡೆಯಾಚೆಯ ನೀಲಮ.

ಎಮ್ಮೆಯ ಹಣೆಗೆ ಅರಿಷಿಣ ಹಚ್ಚಿ ಒಳಗೆ ಕರೆದುಕೊಂಡ ದಿನ ಶೇವಂತಾ ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡಳು. ಮರುದಿನ ಬೆಳಗ್ಗೆ ಎರಡು ಪಾತ್ರೆ ಹೊತ್ತು ಡೈರಿಗೆ ಹೋದಳು, ಒಂದು ತನ್ನ ಮನೆಯ ಎಮ್ಮೆಯದು, ಇನ್ನೊಂದು ದೇವಿಯದು. ನೀಲಮ ಎಂದಿನಂತೆ ನಳಿಗೆ ಜೋಡಿಸಿ, ತಿರುಗಿಸಿ, ಎತ್ತಿ ನೋಡಿದಳು.

“ಲಕ್ಕವ್ವಂದು ಏಳು ಪಾಯಿಂಟ ಆರು. ಅದರ ಎದರಿಂದು ನಂದು… ಏಳು ಪಾಯಿಂಟ ಎಂಟು.”

ಪಕ್ಕದ ಓಣಿಯ ಸಕೀನಾಬಿ, ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡವಳು, ನಕ್ಕುಬಿಟ್ಟಳು. “ಅಯ್ಯ, ದೇವೀನ್ನ ಸೋಲಿಸಿದೆಲ್ಲವಾ ನೀಲಮಾ! ನಾಳಿಂದ ನಿನ್ನ ಎಮ್ಮಿಗೇ ಕಾಯಿ ಒಡೀತೀವಿ.”

ಎಲ್ಲರೂ ನಕ್ಕರು. ನೀಲಮ ನಾಲಿಗೆ ಕಚ್ಚಿಕೊಂಡು ಕೈ ಮುಗಿದಳು. ಶೇವಂತಾ ನಗಲಿಲ್ಲ. ಅಲ್ಲಿಯೇ, ಎಲ್ಲರೆದುರು, ಹೇಳಿದಳು.

“ನಾಳಿಂದ ದೇವಿ ಹಾಲ ಮೊದಲ ತಿರಗಬೇಕು, ಮತ್ತ ಅದೊಂದ ತಿರಗಬೇಕು. ಮಂದಿ ಮಾರೂ ಹಾಲಿನ ಜೋಡಿ ಒಂದ ಬೋಗಾಣ್ಯಾಗ ದೇವೀದು ಇಡೂದಂದ್ರ ಏನು? ನೈವೇದ್ಯಾ ಎಲ್ಲಾರ ತಾಟಿನ್ಯಾಗ ಕಲಸಿ ಇಡತೀರೇನು?”

“ಅಕ್ಕಾ, ಹಂಗ ಒಂದ ಇಡಬಾರದಂತ. ಎದರಾಬದರ ಇರಬೇಕಂತ ಅಥಣ್ಯಾಗ…”

“ಅಥಣಿ ಸಾಹೇಬರಿಗೆ ಲಕ್ಕವ್ವ ಗೊತ್ತದಾಳೇನು?”

ನೀಲಮ ಭೀಮಾಬಾಯಿಯ ಮುಖ ನೋಡಿದಳು. ಭೀಮಾಬಾಯಿ ಆ ಹೊತ್ತಿಗೆ ಭಕ್ತಿಯ ಕಡೆ ವಾಲಿದಳು. “ಶೇವಂತಾ ಅನ್ನೂದೂ ಖರೇ ಐತಿ. ದೇವೀದು ಮಡೀಲೆ ಆಗಲಿ ಬಿಡು. ಐದ ನಿಮಿಷದ ಕೆಲಸ.”

ನೀಲಮ ಚಿಕ್ಕವಳು. ಹೇಳಿದ ಹಾಗೆ ಮಾಡಲು ಒಪ್ಪಿದಳು. ಮಡಿ ಎಂದು ಎಲ್ಲರೂ ತಿಳಿದರು. ಅದು ಎಷ್ಟು ಮಡಿ, ಎಷ್ಟು ಹೊಟ್ಟೆಕಿಚ್ಚು ಎಂದು ಶೇವಂತಾಳಿಗೆ ಮಾತ್ರ ಗೊತ್ತಿತ್ತು. ಅವಳೂ ಅದನ್ನು ಅಂದು ಒಪ್ಪಿಕೊಳ್ಳಲಿಲ್ಲ.

ಮರುದಿನದಿಂದ ಎಂಟು ಗೂಡಿನ ಬೋಗುಣಿಯಲ್ಲಿ ಲಕ್ಕವ್ವನ ನಳಿಗೆ ಒಂದೇ ಮಲಗಿತು. ನೀಲಮ ಹಿಡಿ ತಿರುವಿದರೆ ಯಂತ್ರ ಮೇಜಿನ ಮೇಲೆ ಗಡಗಡ ನಡುಗಿತು. ಅವಳು ಹೆದರಿ ಮೆಲ್ಲಗೆ ತಿರುವಿದಳು. ನಳಿಗೆ ತೆಗೆದರೆ ಹಳದಿ ಎಲ್ಲಿ ಮುಗಿಯಿತು, ಕಪ್ಪು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ನಡುವೆ ಕಲಸಿದಂಥ ನೊರೆ. ಕಂಡಷ್ಟನ್ನು ಎಣಿಸಿ ಹೇಳಿದಳು. “ಆರು ಪಾಯಿಂಟ ಎರಡು.”

ನಡುಕಕ್ಕೆ ಅಂಜಿ ದಿನದಿನಕ್ಕೆ ಇನ್ನೂ ಮೆಲ್ಲಗೆ ತಿರುವತೊಡಗಿದಳು, ಮೂರನೆಯ ದಿನ ಆರಕ್ಕೂ ಕಡಿಮೆ. ವಾರ ಕಳೆದರೆ ಐದೂವರೆ.

ಮೊದಲು ಬೇಸಿಗೆಯ ಬಿಸಿಲು ಎಂದರು. ಆಮೇಲೆ ಮೇವು ಬದಲಾಗಿದೆ ಎಂದರು. ಆದರೆ ಶೇವಂತಾಳ ಸ್ವಂತ ಎಮ್ಮೆ ಅದೇ ಕೊಟ್ಟಿಗೆಯಲ್ಲಿ, ಅದೇ ಮೇವು ತಿಂದು, ದಿನವೂ ಏಳರ ಮೇಲೆಯೇ ತೋರಿಸುತ್ತಿತ್ತು. ವಸ್ತಿಯ ಹೆಂಗಸರು ಗಣಿತ ಕಲಿತವರಲ್ಲ, ಆದರೆ ಈ ಲೆಕ್ಕ ಎಲ್ಲರಿಗೂ ಹತ್ತಿತು. ಅವಳ ಹಾಲು ಗಟ್ಟಿ, ದೇವಿಯ ಹಾಲು ತೆಳು. ಅಂದಮೇಲೆ ನಡುವೆ ನೀರು ಸುರಿದವರು ಯಾರು?

ಶೇವಂತಾ ಬಾವಿಯ ಕಟ್ಟೆಗೆ ಹೋದರೆ ಮಾತು ನಿಲ್ಲತೊಡಗಿತು. ಸಕೀನಾಬಿ ಮಾತ್ರ ಬೆನ್ನ ಹಿಂದೆ ಆಡುವವಳಲ್ಲ, ಎದುರಿಗೇ ಕೇಳಿದಳು. “ಶೇವಂತಾ, ನಿನ್ನ ಎಮ್ಮಿಗೆ ಬಾಯಾಗಿಂದ ನೀರ ಕುಡಸತಿ. ಲಕ್ಕವ್ವನ ಎಮ್ಮೀಗೆ ಕೆಚ್ಚಲದಾಗಿಂದ ಕುಡಸತಿ ಏನ?”

“ನಿನ್ನ ಬಾಯಾಗ ಹುಳಾ ಬೀಳಲಿ ಸಕೀನಾ!”

“ಬೀಳಲಿ ಬಿಡು. ಆದ್ರ ಮಂದಿ ಅನ್ನಾಕತ್ತಾರ, ನಾ ತಂದ ಮುಟ್ಟಿಸಿದೆ. ನೀ ಅಂಥಾಕಿ ಅಲ್ಲ ಅಂತ ನಂಗ ಗೊತ್ತೈತಿ. ಆದ್ರ ಆ ನಳಿಗಿಗೆ ಗೊತ್ತಿಲ್ಲಲ್ಲ?”

ಶೇವಂತಾ ಕೊಡ ತುಂಬದೆಯೇ ಮನೆಗೆ ಬಂದಳು. ಹಿತ್ತಲಿನ ಗೋಡೆಯ ಹತ್ತಿರ ನಿಂತು ಕೂಗಿದಳು. “ನೀಲಮಾ! ಬಾ ಈಕಡೆ.”

ನೀಲಮ ಹಿಟ್ಟಿನ ಕೈಯಲ್ಲೇ ಬಂದಳು.

“ನಿನ್ನ ಪಾಳಿ ಬರಾಕ ಇನ್ನೂ ಹನ್ನೊಂದ ತಿಂಗಳ ಐತಿ. ಅಲ್ಲೀಮಟಾ ತಡಕೊಳ್ಳಾಕ ಆಗವಲ್ದೇನ ನಿಂಗ?”

“ಏನಂದ್ರಿ ಅಕ್ಕಾ?”

“ಗೊತ್ತಿಲ್ಲದಾಕಿ ಹಂಗ ಮಾಡಬ್ಯಾಡ. ನಂದ ಎಮ್ಮೀದು ಸರೀ ಬರತೈತಿ, ದೇವೀದಽ ಕಮ್ಮಿ ಬರತೈತಿ. ಬರಿಯಾಕಿ ಯಾರು? ನೀನು. ಎಮ್ಮಿ ನಮ್ಮ ಮನೀ ಬಿಟ್ರ ಹೋಗೂದ ಎಲ್ಲಿಗೆ? ನಿಮ್ಮ ಮನೀಗೆ. ಹೆಬ್ಬಟ್ಟಿನಾಕಿ ಅಂದ್ರ ಇಷ್ಟೂ ತಿಳಿಯೂದಿಲ್ಲಂತ ಮಾಡೀಯೇನು?”

ನೀಲಮಳ ಕಣ್ಣು ತುಂಬಿತು. “ನಾ ಕಂಡದ್ದ ಬರಿಯಾಕಿ, ದೇವಿ ಆಣಿ. ಯಂತ್ರ ಬಾಳ ನಡಗತೈತ್ರಿ. ಎದರಿಗೆ ಒಂದ ಇಟ್ರ ನೋಡೂಣು…”

“ಮತ್ತ ಅದನಽ ತಗೀಬ್ಯಾಡ! ಎದರಿಗೆ ನಿಂದ ಇಡಬೇಕು, ನಿಂದ ಹೆಚ್ಚ ಬರಬೇಕು, ಮಂದಿ ನಗಬೇಕು. ಗೊತ್ತೈತಿ ನಂಗ ನಿನ್ನ ಆಟ.”

ನೀಲಮ ಒಳಗೆ ಹೋದಳು. ಆ ದಿನ ಗೋಡೆಯ ಮೇಲಿಂದ ಏನೂ ದಾಟಲಿಲ್ಲ.

ಶನಿವಾರ ಭೀಮಾಬಾಯಿ ತಾನೇ ಮನೆಗೆ ಬಂದಳು. ಚಹಾ ಕುಡಿಯಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು. ಮಂಗಳವಾರ ದೇವಿಯ ವಾರ, ಅಂದು ಬೆಳಗ್ಗೆ ಡೈರಿಯಲ್ಲಿ ಎಲ್ಲರೂ ಕೂಡುತ್ತಾರೆ. ಅಂದೂ ಫ್ಯಾಟ್ ಕಡಿಮೆ ಬಂದರೆ ಎಮ್ಮೆ ಪಾಳಿಯ ಮುಂದಿನ ಮನೆಗೆ. “ನನ್ನ ಮ್ಯಾಲ ಸಿಟ್ಟ ಆಗಬ್ಯಾಡ ಶೇವಂತಾ. ಮಂದಿ ಬಾಯಿಗೆ ನಾ ಎಷ್ಟ ಕೈ ಅಡ್ಡ ಹಿಡೀಲಿ?”

ಪಾಳಿಯ ನಡುವೆ ಲಕ್ಕವ್ವನ ಎಮ್ಮೆಯನ್ನು ಕಳೆದುಕೊಂಡ ಮನೆ ಬನ್ನಿಕೋಡಿಯಲ್ಲಿ ಇಲ್ಲಿಯವರೆಗೆ ಇರಲಿಲ್ಲ. ಅತ್ತೆ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈಗಳನ್ನು ಶೇವಂತಾ ಮುಟ್ಟಿ ನೋಡಿಕೊಂಡಳು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ರಾಯಬಾಗದಲ್ಲಿ, ಒಬ್ಬಳು ಕಾಗವಾಡದಲ್ಲಿ. ದೇವಿಯ ಹಾಲಿಗೆ ನೀರು ಬೆರೆಸಿದವಳ ಮಕ್ಕಳು ಎಂಬ ಮಾತು ಅಲ್ಲಿಗೆ ತಲುಪುವುದಕ್ಕೆ ಒಂದು ಸಂತೆ ಸಾಕು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ಇನ್ನೊಂದು ಚಿತ್ರ. ನೀಲಮ ಅರಿಷಿಣ ಹಚ್ಚಿದ ಆ ಎಮ್ಮೆಯ ಹಗ್ಗ ಹಿಡಿದು ತನ್ನ ಬಾಗಿಲ ಮುಂದೆಯೇ ಹಾದುಹೋಗುವ ಚಿತ್ರ.

ಭರಮು ಕಡಿಮೆ ಮಾತಿನವನು. ಎಲ್ಲ ಕೇಳಿ ಒಂದೇ ಮಾತು ಹೇಳಿದ. “ಆ ಹುಡಿಗಿ ಸುಳ್ಳ ಹೇಳೂದ ನಾ ನೋಡಿಲ್ಲ.”

“ನೀವೂ ಆಕೀ ಕಡೇನಽ ಹೋಗ್ರಿ.”

“ನಾ ಎಲ್ಲೂ ಹೋಗಾಂವಲ್ಲ. ಮಜ್ಜಗಿ ಇದ್ರ ಕೊಡು.”

ಮಜ್ಜಿಗೆ ಇರಲಿಲ್ಲ. ಮೂರು ದಿನದಿಂದ ಕಡೆದಿರಲಿಲ್ಲ. ಸೋಮವಾರ ಬೆಳಗ್ಗೆ ಶೇವಂತಾ ಗಡಿಗೆಯ ಮುಂದೆ ಕೂತಳು. ಸಿಟ್ಟೆಲ್ಲ ಕೈಗೆ ಇಳಿದಿತ್ತು. ಹಗ್ಗವನ್ನು ಸರಸರ ಎಳೆದಳು. ಎಷ್ಟು ಎಳೆದರೂ ಮೊಸರು ಗೊಣಗುವುದನ್ನು ಬಿಟ್ಟು ಮುಂದೆ ಹೋಗಲಿಲ್ಲ. ಕಡಗೋಲು ಕಂಬಕ್ಕೆ ಟಕಟಕ ಬಡಿಯಿತು. ಮೊಸರು ಒಂದು ಕಡೆ ಎದ್ದು ನೆಲಕ್ಕೆ ಚೆಲ್ಲಿತು. ನಡುವಿನ ತಗ್ಗು ಒಂದು ಕಡೆ ನಿಲ್ಲದೆ ಗಡಿಗೆಯ ತುಂಬ ಕುಡಿದವನ ಹಾಗೆ ಅಲೆದಾಡಿತು. ಕಾಳು ಕಟ್ಟುವ ಹೊತ್ತು ಮೀರಿದರೂ ಬೆಣ್ಣೆ ನುಚ್ಚುನುಚ್ಚಾಗಿ ಮಜ್ಜಿಗೆಯಲ್ಲೇ ಅಡಗಿಕೊಂಡಿತು.

ಮದುವೆಯಾದ ಮೇಲೆ ಇದೇ ಮೊದಲು. ಶೇವಂತಾ ಕೈಬಿಟ್ಟು ಕಂಬ ನೋಡಿದಳು. ಕಡಗೋಲನ್ನು ಕಂಬಕ್ಕೆ ಹಿಡಿಯುವ ಎರಡು ಹಗ್ಗದ ಉಂಗುರಗಳಲ್ಲಿ ಕೆಳಗಿನದು ಸವೆದು ಹರಿದಿತ್ತು. ಕಡಗೋಲಿಗೆ ಒಂದೇ ಕಡೆ ಆಸರೆ. ಒಂದೇ ಆಸರೆಯ ಮೇಲೆ ತಿರುಗಿದ್ದು ನೆಟ್ಟಗೆ ನಿಲ್ಲುವುದುಂಟೇ? ಹಳೆಯ ಸೀರೆಯ ಅಂಚು ಹರಿದು ಹೊಸ ಉಂಗುರ ಕಟ್ಟಿದಳು. ಮತ್ತೆ ಕೂತು, ಈ ಸಲ ಮೆಲ್ಲಗೆ, ಎರಡೂ ಕೈ ಸಮ ಮಾಡಿ ಎಳೆದಳು. ತಗ್ಗು ನಡುವಿಗೆ ಬಂದು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಗಡಿಗೆ ನಕ್ಕಿತು. ಬೆಣ್ಣೆ ಒಂದೊಂದಾಗಿ ನಡುವಿಗೆ ಬಂದು ಕೂಡಿತು.

ಮುದ್ದೆ ಎತ್ತಲು ಕೈ ಹಾಕಿದವಳು ಹಾಗೆಯೇ ನಿಂತಳು. ಆ ಟಕಟಕ ಸದ್ದು. ಅದನ್ನು ತಾನು ಎಲ್ಲಿ ಕೇಳಿದ್ದೇನೆ? ಹದಿನೈದು ದಿನದಿಂದ ದಿನವೂ, ಡೈರಿಯ ಬಾಗಿಲಲ್ಲಿ, ಲಕ್ಕವ್ವನ ನಳಿಗೆ ಒಂದೇ ತಿರುಗುವಾಗ. ಎಂಟೂ ನಳಿಗೆ ತುಂಬಿ ತಿರುಗುವಾಗ ಯಂತ್ರ ಗುಂಯ್ ಎಂದು ಜೇನಿನ ಹಾಗೆ ಹಾಡುತ್ತದೆ. ಒಂದೇ ಇದ್ದಾಗ ಹೀಗೆ ಬಡಿಯುತ್ತದೆ. ಕೇಳಿಯೂ ಕೇಳಿಸಿಕೊಂಡಿರಲಿಲ್ಲ, ಕಿವಿಯ ತುಂಬ ನೀಲಮಳ ಹೆಸರೇ ತುಂಬಿತ್ತು.

ಎಮ್ಮೆಯ ತಪ್ಪಲ್ಲ. ನೀರಿನ ತಪ್ಪಲ್ಲ. ನೀಲಮಳ ಕಣ್ಣಿನ ತಪ್ಪೂ ಅಲ್ಲ. ಒಂದೇ ತಿರುಗಬೇಕು ಎಂದವಳು ತಾನು.

ತಿಳಿದ ಕೂಡಲೇ ಅವಳು ಗೋಡೆಯ ಹತ್ತಿರ ಓಡಿ ಹೋಗಲಿಲ್ಲ. ಬೆಣ್ಣೆಯನ್ನು ನೀರಿನಲ್ಲಿ ತೊಳೆಯುತ್ತಾ ಬೇರೆಯೇ ಲೆಕ್ಕ ಹಾಕಿದಳು. ನಾಳೆ ಎಲ್ಲರೆದುರು ಹೇಳಬಹುದು, ಯಂತ್ರ ನಡುಗುತ್ತದೆ, ನಡುಗುವುದು ಗೊತ್ತಿದ್ದೂ ಇವಳು ಬಾಯಿಬಿಡಲಿಲ್ಲ, ಎಂಟು ದಿನ ಅಥಣಿಯಲ್ಲಿ ಕಲಿತವಳಿಗೆ ಇಷ್ಟೂ ತಿಳಿಯಲಿಲ್ಲ, ಎಂದು. ಎಮ್ಮೆಯೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ, ಆ ಕುರ್ಚಿಯೂ ಅಲುಗುತ್ತದೆ. ಈ ಲೆಕ್ಕ ಅವಳಿಗೆ ಎಷ್ಟು ರುಚಿಸಿತೆಂದರೆ ಆ ದಿನ ಭರಮುವಿಗೆ ಮಜ್ಜಿಗೆಯ ಜೊತೆ ಒಂದು ಉಂಡೆ ಬೆಣ್ಣೆಯನ್ನೂ ಇಟ್ಟಳು.

ಮಂಗಳವಾರ ಬೆಳಗ್ಗೆ ಡೈರಿಯ ಮುಂದೆ ವಸ್ತಿಯ ಹೆಂಗಸರೆಲ್ಲ ನೆರೆದಿದ್ದರು. ನೀಲಮ ದೇವಿಯ ನಳಿಗೆಯನ್ನು ಒಂಟಿಯಾಗಿ ಬೋಗುಣಿಯಲ್ಲಿಟ್ಟಳು. ಯಂತ್ರ ಗಡಗಡ ನಡುಗಿತು. ನಳಿಗೆ ಎತ್ತಿ ನೋಡಿದಳು, ದನಿ ಸಣ್ಣದಾಯಿತು.

“ಐದು ಪಾಯಿಂಟ ನಾಕು.”

ಯಾರೋ ಲೊಚಗುಟ್ಟಿದರು. ಭೀಮಾಬಾಯಿ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಶೇವಂತಾ ಮುಂದೆ ಬಂದಳು.

“ತಡೀರಿ ಭೀಮಕ್ಕಾ. ಯಂತ್ರ ಬಡದಾಡತೈತಿ, ಕೇಳಿಸಿತೋ ಇಲ್ಲೋ? ಕಡಗೋಲ ಬಡದಾಡಿದ್ರ ಬೆಣ್ಣಿ ಕೂಡೂದಿಲ್ಲ. ಅದರಾಗೂ ಹಂಗ. ಗೆರಿ ಕೂಡವಲ್ದು, ಕಲಿಸ್ಯಾಡಿ ಬಿಟ್ಟೈತಿ. ಹಾಲಿಂದೇನ ತಪ್ಪು?”

ಎಲ್ಲರೂ ನಳಿಗೆಯ ಕಡೆ ಕತ್ತು ಚಾಚಿದರು. ಹೌದು, ಹಳದಿಗೂ ಕಪ್ಪಿಗೂ ನಡುವೆ ಗೆರೆಯೇ ಇರಲಿಲ್ಲ, ಬರೀ ನೊರೆ. ಭೀಮಾಬಾಯಿ ನೀಲಮಳ ಕಡೆ ತಿರುಗಿದಳು, ದೊಡ್ಡ ದನಿ ಇನ್ನೂ ದೊಡ್ಡದಾಯಿತು. “ಮತ್ತ ನೀ ಯಾಕ ಹೇಳಲಿಲ್ಲವಾ? ಹದಿನೈದ ದಿನಾ ಮಾರಿ ನೋಡಕೋತ ಕುಂತಿದ್ದೇನು? ಒಬ್ಬಾಕೀ ಹೆಸರ ಮಣ್ಣಪಾಲ ಆಗತಿತ್ತು. ಈ ಕೆಲಸಾ ನಿನ್ನ ಕೈಲೆ ಆಗತೈತೋ ಇಲ್ಲೋ?”

ಶೇವಂತಾ ಕಾದಳು. ಈಗ ನೀಲಮ ಬಾಯಿಬಿಡುತ್ತಾಳೆ. ‘ಹೇಳಿದ್ದೆ, ಅಕ್ಕನೇ ಬೇಡವೆಂದಳು’ ಎನ್ನುತ್ತಾಳೆ. ಅದಕ್ಕೆ ಉತ್ತರವನ್ನೂ ಅವಳು ಸಿದ್ಧ ಮಾಡಿಕೊಂಡಿದ್ದಳು. ಆದರೆ ನೀಲಮ ಒಮ್ಮೆ ಅವಳನ್ನು ನೋಡಿದಳು, ತಲೆ ತಗ್ಗಿಸಿದಳು.

“ನಂದಽ ತಪ್ಪಾತ್ರಿ. ನಂಗ ತಿಳೀಲಿಲ್ಲ.”

ಅಷ್ಟೇ. ಅಕ್ಕನ ಹೆಸರು ಎತ್ತಲಿಲ್ಲ.

ಶೇವಂತಾಳ ಎದೆಯಲ್ಲಿ ಆಗ ಎದ್ದ ಉರಿಯಂಥ ಉರಿ ಈ ಎರಡು ವರ್ಷದಲ್ಲಿ ಎದ್ದಿರಲಿಲ್ಲ. ಓದಿನಲ್ಲಿ ಮೀರಿಸಿದಳು, ಫ್ಯಾಟಿನಲ್ಲಿ ಮೀರಿಸಿದಳು, ಈಗ ದೊಡ್ಡತನದಲ್ಲೂ ತನ್ನನ್ನು ಮೀರಿಸಬೇಕೇ ಇವಳು? ತಾನು ಗೆದ್ದು ನಿಂತಾಗಲೂ ಮೇಲಿನ ಮೆಟ್ಟಿಲಲ್ಲಿ ಇವಳೇ ಇರಬೇಕೇ? ಅದನ್ನು ಮಾತ್ರ ಬಿಟ್ಟುಕೊಡಲು ಅವಳಿಂದಾಗಲಿಲ್ಲ.

“ಸುಳ್ಳ ಹೇಳಬ್ಯಾಡ ನೀಲಮಾ!” ಎಂದು ಗದರಿದಳು. “ಭೀಮಕ್ಕಾ, ಆಕಿ ಮೊದಲ ದಿನಾನ ಹೇಳ್ಯಾಳ. ಎದರಿಗೆ ಒಂದ ಇರಬೇಕು ಅಂತ ನಿಮ್ಮ ಮುಂದನ ಹೇಳ್ಯಾಳ, ಗ್ವಾಡೀ ಮ್ಯಾಲಿಂದ ನಂಗೂ ಹೇಳ್ಯಾಳ. ಬ್ಯಾಡಂದಾಕಿ ನಾನು. ಮಡಿಗೆ ಅಲ್ಲ. ಆಕೀದು ನನ್ನ ದೇವೀಕಿಂತ ಎರಡ ಗೀಟ ಹೆಚ್ಚ ಬಂತಲ್ಲ, ಅದಕ್ಕ. ಹೊಟ್ಟಿ ಉರೀತು. ತಿಳೀತಿಲ್ಲೋ ಎಲ್ಲಾರಿಗೂ?”

ಸಕೀನಾಬಿ ಮೆಲ್ಲಗೆ ಅಂದಳು. “ಯವ್ವಾ, ಹೊಟ್ಟಿ ಉರೀ ಅನ್ನೂದನ್ನೂ ಹಿಂಗ ಜಂಬದ್ಲೆ ಹೇಳಾಕಿ ನೀ ಒಬ್ಬಾಕೀನ ನೋಡು.”

ಮೊದಲು ನಕ್ಕವಳು ಭೀಮಾಬಾಯಿ. ತಾನೂ ಅಂದು ಮಡಿಯ ಪರ ನಿಂತದ್ದು ಅವಳಿಗೆ ನೆನಪಾಗಿರಬೇಕು, ನಗು ಬೇಗ ನಿಂತಿತು. “ಆತು, ಇನ್ನೊಮ್ಮೆ ನೋಡಿಬಿಡೂಣು. ಎದರಿಗೆ ಏನ ಇಡತಿ ನೀಲಮಾ?”

“ನೀರ ತುಂಬಿದ ನಳಿಗಿ ಇಟ್ರೂ ನಡೀತೈತ್ರಿ. ಭಾರ ಸರೀ ಇದ್ರ ಸಾಕು,” ಎಂದಳು ನೀಲಮ, ಅಕ್ಕನ ಮುಖ ನೋಡುತ್ತಾ.

“ನೀರ ಯಾಕ?” ಎಂದಳು ಶೇವಂತಾ. “ನಿಂದ ಇಡು.”

“ಅಕ್ಕಾ…”

“ಇಡು ಅಂದೆ. ಮತ್ತ ಹಿಡಿ ನನ್ನ ಕೈಯಾಗ ಕೊಡು.”

ಹೊಸದಾಗಿ ಎರಡು ನಳಿಗೆ ತುಂಬಿ ಎದುರುಬದುರಿನ ಗೂಡುಗಳಲ್ಲಿ ಮಲಗಿಸಿದರು. ಶೇವಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿಗೆ ಕೈ ಹಚ್ಚಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕಡಗೋಲಿಗೆ ಏರಿಸುವ ಹಾಗೆಯೇ ಏರಿಸಿದಳು. ಬಡಿದಾಟ ಇಲ್ಲ. ಬೋಗುಣಿ ಗುಂಯ್ ಎಂದಿತು. ಅವಳು ಕಣ್ಣು ಮುಚ್ಚಿ ಕೇಳಿದಳು. ಐದು ನಿಮಿಷವಾಯಿತೆಂದು ನೀಲಮ ಹೇಳಿದಾಗ ಹಿಡಿ ಬಿಟ್ಟಳು. ಸಕೀನಾಬಿ ಮುಚ್ಚಳಕ್ಕೆ ಕೈ ಚಾಚಿದರೆ ಮಣಿಕಟ್ಟು ಹಿಡಿದು ತಡೆದಳು. “ಮುಟ್ಟಬ್ಯಾಡ. ತಾನಽ ನಿಲ್ಲಲಿ.”

ಯಂತ್ರ ಸಣ್ಣಗಾಗುತ್ತಾ, ಸಣ್ಣಗಾಗುತ್ತಾ, ನಿಂತಿತು. ಬಿಸಿನೀರಿನಿಂದ ತೆಗೆದ ನಳಿಗೆಗಳಲ್ಲಿ ಹಳದಿಯ ಕೆಳಗೆ ಗೆರೆ ಚಾಕುವಿನಿಂದ ಕೊಯ್ದ ಹಾಗಿತ್ತು. ನೀಲಮ ಓದುವ ಮೊದಲು ಲಕ್ಕವ್ವನ ನಳಿಗೆಯನ್ನು ಅಕ್ಕನ ಕೈಗೆ ಕೊಟ್ಟಳು, ಗೆರೆ ಕಣ್ಣಿನ ಮಟ್ಟಕ್ಕೆ ಬರುವಂತೆ ಅವಳ ಮೊಣಕೈಯನ್ನು ತುಸು ಮೇಲಕ್ಕೆ ಎತ್ತಿದಳು. ಅಂಕಿ ತಿಳಿಯದಿದ್ದರೂ ಗೀಟು ಎಣಿಸಬಹುದು. ಶೇವಂತಾ ಒಂದು ಕಣ್ಣು ಮುಚ್ಚಿ ದೊಡ್ಡ ಗೀಟು ಏಳು ಎಣಿಸಿದಳು, ಅದರ ಮೇಲೆ ಸಣ್ಣವು ಆರು.

“ಏಳು ಪಾಯಿಂಟ ಆರು,” ಎಂದಳು, ತನ್ನ ಬಾಯಿಂದ ಮೊದಲ ಸಲ.

ಭೀಮಾಬಾಯಿ ಅಂಗಳದ ಕಡೆ ತಿರುಗಿ ಕೂಗಿದಳು, ಎಮ್ಮೆ ಎಲ್ಲಿಗೂ ಹೋಗುವುದಿಲ್ಲ, ಯುಗಾದಿಯ ತನಕ ಅಲ್ಲೇ, ಇನ್ನು ಮುಂದೆ ದೇವಿಯ ನಳಿಗೆ ಎಲ್ಲರ ನಳಿಗೆಗಳ ಜೊತೆಯೇ ತಿರುಗಲಿ, ಎಂದು. ಹೆಂಗಸರು ಪಾತ್ರೆ ಎತ್ತಿಕೊಂಡು ಚದುರತೊಡಗಿದರು.

ಶೇವಂತಾ ಹೋಗಲಿಲ್ಲ. ಎದುರಿನ ನಳಿಗೆ ಇನ್ನೂ ನೀಲಮಳ ಕೈಯಲ್ಲಿತ್ತು. ಅದನ್ನು ಕಸಿದುಕೊಂಡು ಎತ್ತಿ ಹಿಡಿದಳು. ಎಣಿಸಿದಳು. ನಂಬದೆ ಇನ್ನೊಮ್ಮೆ ಎಣಿಸಿದಳು.

“ಎಂಟು,” ಎಂದಳು ಕಡೆಗೆ, ಹುಳಿ ತೇಗಿದವಳ ಹಾಗೆ. “ಏನ ಹಾಕತೀ ಬೇ ನಿನ್ನ ಎಮ್ಮಿಗೆ?”

ನೀಲಮ ನಕ್ಕಳು. “ಹತ್ತಿಕಾಳ ಅಕ್ಕಾ. ರಾತ್ರಿ ನೆನೆಹಾಕಿ, ಬೆಳಿಗ್ಗೆ ರುಬ್ಬಿ.”

“ಎಷ್ಟು?”

“ಬರ್ರಿ ಮನೀಗೆ, ತೋರಸತೀನಿ.”

“ಬರಾಕ ನಂಗ ಹೊತ್ತಿಲ್ಲ,” ಎಂದಳು ಶೇವಂತಾ ಖಾಲಿ ಪಾತ್ರೆಗಳನ್ನು ಎತ್ತಿಕೊಳ್ಳುತ್ತಾ. “ಗ್ವಾಡೀ ಮ್ಯಾಲ ಇಡು. ನಾ ಅಳದ ನೋಡತೀನಿ.”